ರಾತ್ರಿ ಸೈಕಲ್ಲು, ಸ್ಕೇಟಿಂಗು ಎರಡಕ್ಕೂ ಒಂದೇ ಟಾರ್ಚ್ ಸಾಕಾ?
ಸಾಕು, ಆದ್ರೆ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋ ಲ್ಯುಮೆನ್ (ಬೆಳಕಿನ ಅಳತೆ) ನೋಡ್ಕೊಂಡು ತಗೋಬೇಡಿ, ಅದು ಸಾಮಾನ್ಯವಾಗಿ ಟರ್ಬೋ ಮೋಡಿನ (ಅತಿ ಹೆಚ್ಚು ಬೆಳಕಿನ) ನಂಬರ್, ಸಣ್ಣ ಟಾರ್ಚು ಕೆಲವೇ ನಿಮಿಷದಲ್ಲಿ ಬಿಸಿಯಾಗಿ ತಾನೇ ಬೆಳಕು ಇಳಿಸ್ಕೊಳ್ಳತ್ತೆ. ಗಂಟೆಗಟ್ಲೆ ನಿಲ್ಲೋ ಮೋಡಲ್ಲಿ 300ರಿಂದ 500 ಲ್ಯುಮೆನ್ ಬರತ್ತಾ ನೋಡಿ, ಬೀದಿದೀಪ ಇಲ್ದಿರೋ ರೋಡಿಗೂ ಅಷ್ಟಿದ್ರೆ ನಡಿಯತ್ತೆ. ಬೆಳಕು ದೂರಕ್ಕೆ ಚೂಪಾಗಿ ಹೋಗೋದಕ್ಕಿಂತ ಅಗಲಕ್ಕೆ ಹರಡೋದು ಮುಖ್ಯ, ಸ್ಕೇಟಿನ ಸಣ್ಣ ಚಕ್ರಕ್ಕೆ ಒಂದು ಜಲ್ಲಿಕಲ್ಲು ಸಿಕ್ಕಿದ್ರೂ ಬೀಳ್ತೀರ. ಬಿಚ್ಚಿ ಹಾಕೋ 18650 ಅನ್ನೋ ಸೈಜಿನ ರೀಚಾರ್ಜ್ ಬ್ಯಾಟರಿ ಇರೋದೇ ತಗೊಳ್ಳಿ, ಸ್ಪೇರ್ ಒಂದು ಇಟ್ಕೋಬಹುದು (ಕೇಸಲ್ಲಿ ಹಾಕಿ, ಜೇಬಲ್ಲಿ ಕೀ ಜೊತೆ ಬೇಡ, ಶಾರ್ಟ್ ಆಗತ್ತೆ). ಮಳೆಗೆ ಕನಿಷ್ಠ ಐಪಿಎಕ್ಸ್4 ಅನ್ನೋ ನೀರು ತಡೆಯೋ ರೇಟಿಂಗ್ ಇರಲಿ. ಸೈಕಲ್ಲಲ್ಲಿ ಮಾತ್ರ ದಯವಿಟ್ಟು ಕೈಲಿ ಹಿಡೀಬೇಡಿ, ಬ್ರೇಕಿಗೆ ಎರಡೂ ಕೈ ಬೇಕು, ರಬ್ಬರ್ ಮೌಂಟಲ್ಲಿ ಹ್ಯಾಂಡಲ್ಲಿಗೆ ಕಟ್ಟಿ ಸ್ವಲ್ಪ ಕೆಳಕ್ಕೆ ತಿರುಗಿಸಿ, ಎದುರು ಬರೋರ ಕಣ್ಣಿಗೆ ಹೊಡೀಬಾರ್ದು.