ಕತ್ತಲೆಗೆ ತಯಾರಾಗು, ತಮ್ಮಾ

ತಮ್ಮಾ, ಮುಂಬೈಯ ಮಾಟುಂಗಾದ ಹೋಟೆಲ್ ಬಿಟ್ಟು ಉತ್ತರ ಧ್ರುವದ ಹತ್ತಿರವಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ, ನಮ್ಮ ಲಾಂಗ್ಯಿಯರ್‌ಬೀನ್ ಊರಿಗೆ ಅಡುಗೆ ಕೆಲಸಕ್ಕೆ ಹೊರಟಿದ್ದೀಯ. "ಅಕ್ಕಾ, ಅಲ್ಲಿನ ಚಳಿ ತಡೆಯೋಕಾಗುತ್ತಾ, ಎಷ್ಟು ಸ್ವೆಟರ್ ತರಲಿ?" ಅಂತ ಕೇಳಿದ್ದೀಯ. ರಜೆಗೆ ಡೊಂಬಿವಲಿಯ ಅಮ್ಮನ ಮನೆಗೆ ಬಂದಿದ್ದೇನೆ. ಹೊರಗೆ ಜೋರು ಮಳೆ, ನಾಲ್ಕು ದಿನದಿಂದ ಬಟ್ಟೆ ಒಣಗಿಲ್ಲ.

ಚಳಿಗೆ ಅಷ್ಟು ಹೆದರಬೇಡ. ಮೈನಸ್ 20ರ ದಿನಗಳು ಬರುತ್ತವೆ, ಗಾಳಿ ಬೀಸಿದರೆ ಇನ್ನೂ ಕಷ್ಟ. ಆದರೆ ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್ ಇದ್ದರೆ ನಡೆಯುತ್ತದೆ. ಹತ್ತಿ ಬನಿಯನ್ ಬೇಡ, ಬೆವರು ಹಿಡಿದು ಮೈ ತಣ್ಣಗಾಗುತ್ತದೆ. ನಾನು ಹೆದರುವುದು ಚಳಿಗಾಲದ ನಡುವೆ ಬರುವ ಮಳೆಗೆ. ನೆಲಕ್ಕೆ ಬಿದ್ದ ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ನಾವು ಜಾರಿ ಬೀಳುತ್ತೇವೆ, ಪಾಪ ಹಿಮಸಾರಂಗಗಳಿಗೆ ಅಡಿಯಲ್ಲಿರುವ ಮೇವೇ ಸಿಗುವುದಿಲ್ಲ.

ಒಣಹವೆಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 200 ಮಿ.ಮೀ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿಯಿತಲ್ವಾ, ಅಷ್ಟು ಬೀಳೋಕೆ ಅಲ್ಲಿ ನಾಲ್ಕು ವರ್ಷಕ್ಕೂ ಜಾಸ್ತಿ ಬೇಕು. ತಣ್ಣನೆಯ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ, ಅದನ್ನು ಹೀಟರ್ ಬಿಸಿ ಮಾಡಿದರೆ ಇನ್ನೂ ಒಣಗುತ್ತದೆ. ಮೊದಲ ವರ್ಷ ನನ್ನ ಹೆಬ್ಬೆರಳು ಉಗುರಿನ ಪಕ್ಕದಲ್ಲೇ ಸೀಳಿತ್ತು. ಉಪ್ಪು ಮುಟ್ಟಿದರೆ ಕಣ್ಣಲ್ಲಿ ನೀರು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು, ಚಮಚದ ಹಿಡಿಯಿಂದ ಕೆರೆದು ಹಚ್ಚಿಕೊಳ್ಳುತ್ತಿದ್ದೆ. ದಿನವಿಡೀ ನೀರಲ್ಲಿ ಕೈಯಿಡುವವನು ನೀನು. ರಾತ್ರಿ ಮುಲಾಮು ಹಚ್ಚದೆ ಮಲಗಬೇಡ.

ಅಷ್ಟು ಕಡಿಮೆ ಮಳೆಯಾದರೂ ಜುಲೈಯಲ್ಲಿ ನೆಲ ಗದ್ದೆಯಂತೆ ಕೆಸರು! ಅಡಿಯ ಮಣ್ಣು ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ಒಂದು ಮೀಟರ್‌ನಷ್ಟೇ, ನೀರು ಇಂಗಲು ಜಾಗವಿಲ್ಲ. ಅದಕ್ಕೇ ಮನೆಗಳು ಕಂಬಗಳ ಮೇಲೆ ನಿಂತಿವೆ, ಪೈಪುಗಳೂ ನೆಲದ ಮೇಲೇ ಹಾದುಹೋಗುತ್ತವೆ. ಬೇಸಿಗೆ ಅಂದರೆ ಆರೇಳು ಡಿಗ್ರಿ. ಮರ ಒಂದೂ ಇಲ್ಲ. ವಿಲೋ ಗಿಡವಿದೆ, ಬೆರಳೆತ್ತರಕ್ಕೆ ನೆಲಕ್ಕಂಟಿ ಬೆಳೆಯುತ್ತದೆ. ಬಗ್ಗಿ ನೋಡು, ತುಂಬಾ ಚೆಂದ.

ನಿಜವಾದ ಕಷ್ಟ ಕತ್ತಲೆ. ಅಕ್ಟೋಬರ್ ಕೊನೆಗೆ ಸೂರ್ಯ ಹೋದರೆ, ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ಮಧ್ಯಾಹ್ನವೂ ರಾತ್ರಿಯೇ. ಮೊದಲ ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೇ ನಿದ್ದೆ, ರಾತ್ರಿ ಎರಡಕ್ಕೆ ಎಚ್ಚರ. ಅಮ್ಮನಿಗೆ ಫೋನ್ ಮಾಡಿ ಸುಮ್ನೆ ಅತ್ತಿದ್ದೇನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಗೆ ಹತ್ತಿರದವರೆಗೆ ಸೂರ್ಯ ಮುಳುಗುವುದೇ ಇಲ್ಲ, ಕಪ್ಪು ಪರದೆ ಹಾಕಿ ಮಲಗಬೇಕು. ಎರಡೂ ಕಾಲದಲ್ಲಿ ಗಡಿಯಾರ ನೋಡಿಯೇ ಏಳು, ಉಣ್ಣು, ಮಲಗು.

ಆಯ್ಕೆ ನಿನ್ನ ಕೈಯಲ್ಲಿದ್ದರೆ ನವೆಂಬರ್‌ನಲ್ಲಿ ಬರಬೇಡ, ಮಾರ್ಚ್‌ಗೆ ಬಾ. ಚಳಿ ಆಗಲೇ ಜಾಸ್ತಿ, ಆದರೆ ಬೆಳಕಿರುತ್ತದೆ. ಬೆಟ್ಟಗಳ ಮರೆಯಲ್ಲಿದ್ದ ಸೂರ್ಯ ಮಾರ್ಚ್ 8ಕ್ಕೆ ಊರೊಳಗೆ ಕಾಣುತ್ತಾನೆ. ಹಳೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಊರಿಗೆ ಊರೇ ಸೇರಿ, ಮಕ್ಕಳು ಕೂಗಿ ಅವನನ್ನು ಕರೆಯುತ್ತಾರೆ. ನಾನೂ ಅಲ್ಲೇ ನಿಂತಿರುತ್ತೇನೆ, ಬಂದು ಮಾತಾಡಿಸು.