ನೇರಳೆ ಕಪ್ಪೆಯ ದೂರದ ನೆಂಟರು

ಪ್ರಶ್ನೆ: ಕೇರಳದ ನೇರಳೆ ಕಪ್ಪೆಗೆ ಸೀಶೆಲ್ಸ್ ದ್ವೀಪದಲ್ಲಿ ನೆಂಟರಿದ್ದಾರಂತೆ, ಸಮುದ್ರ ಈಜ್ಕೊಂಡು ಹೋದ್ವಾ ಸಾರ್? ಡಿಎನ್‌ಎ ನೋಡಿ ಇದೆಲ್ಲಾ ಹೆಂಗೆ ಹೇಳ್ತಾರೆ?
– ಓದುಗರು, ಶಿರಸಿ

ಉತ್ತರ: ಈಜಿಲ್ಲ ಕಣ್ರೀ, ಉಪ್ಪುನೀರು ಕಪ್ಪೆಗಳ ಚರ್ಮಕ್ಕೆ ಆಗಿಬರಲ್ಲ. ಸರಿದಿದ್ದು ನೆಲ! ವಿಜ್ಞಾನಿಗಳಾದ ಎಸ್.ಡಿ. ಬಿಜು ಮತ್ತೆ ಬೆಲ್ಜಿಯಂನ ಫ್ರಾಂಕಿ ಬೊಸ್ಸೈಟ್ 2003ರಲ್ಲಿ ಇಡುಕ್ಕಿಯ ಈ ಕಪ್ಪೆನ ಪ್ರಪಂಚಕ್ಕೆ ಪರಿಚಯಿಸಿದ್ರು, ವರ್ಷಪೂರ್ತಿ ಮಣ್ಣೊಳಗೇ ಇದ್ದು ಗೆದ್ದಲು ತಿಂದ್ಕೊಂಡು ಮಳೆ ಶುರುವಾದಾಗ ಮಾತ್ರ ಮೊಟ್ಟೆ ಇಡೋಕೆ ಮೇಲೆ ಬರೋ ಪ್ರಾಣಿ ಅದು. ಅದರ ಜೀನ್‌ಗಳನ್ನ, ಅಂದ್ರೆ ಡಿಎನ್‌ಎ ತುಣುಕುಗಳನ್ನ, ಬೇರೆ ಬೇರೆ ಕಪ್ಪೆಗಳ ಅದೇ ಜೀನ್‌ಗಳ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದ್ರು. ಪಕ್ಕದ ಊರಿನ ಕಪ್ಪೆಗಳಿಗಿಂತ ಸೀಶೆಲ್ಸ್‌ನ ಪುಟಾಣಿ ಕಪ್ಪೆಗಳೇ ಹತ್ತಿರದ ಸಂಬಂಧಿ ಅಂತ ಬಂತು! ಮ್ಯುಟೇಷನ್‌ಗಳು, ಅಂದ್ರೆ ಡಿಎನ್‌ಎ ಅಕ್ಷರಗಳಲ್ಲಿ ಆಗೋ ಸಣ್ಣ ಬದಲಾವಣೆಗಳು, ತಲೆಮಾರಿಂದ ತಲೆಮಾರಿಗೆ ಸೇರ್ತಾ ಹೋಗ್ತವೆ, ಆ ವ್ಯತ್ಯಾಸಗಳನ್ನ ಪಳೆಯುಳಿಕೆಗಳ ವಯಸ್ಸಿನ ಜೊತೆ ತಾಳೆ ಹಾಕಿದ್ರೆ ಯಾವಾಗ ಬೇರೆಯಾದ್ವು ಅಂತ ಅಂದಾಜು ಸಿಗುತ್ತೆ. ಈ ಎರಡು ಕಪ್ಪೆ ವಂಶಗಳು ಡೈನೋಸಾರ್ ಕಾಲದಲ್ಲೇ ಕವಲೊಡೆದಿದ್ವು, ಆಗ ಭಾರತ, ಸೀಶೆಲ್ಸ್ ಎರಡೂ ಒಂದೇ ನೆಲ; ಆಮೇಲೆ ಆ ನೆಲ ಒಡೆದು ದೂರ ಸರೀತು, ಕಪ್ಪೆಗಳೂ ಅದರ ಜೊತೆ ದೂರ ಆದ್ವು. ನಮ್ಮ ಘಟ್ಟದ ಕಾಡು ಉಳೀಬೇಕು ಅನ್ನೋಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣಲ್ಲ.