ಗುಜರಿಗೆ ಹಾಕುವ ಮೊದಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವುದು ಒಂದೇ: "ಯಾವ ಗುಜರಿಯವರು ಹೆಚ್ಚು ಕೊಡುತ್ತಾರೆ?" ಹೆಚ್ಚು ಕೊಡುವವರನ್ನು ಹುಡುಕುವ ಮೊದಲು ನೀವು ಏನು ಒಯ್ಯುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು. ಬೆರಕೆ ರಾಶಿಗೆ ಅದರೊಳಗಿನ ಅಗ್ಗದ ಲೋಹದ ದರವೇ ಸಿಗುವುದು. ಅದು ಮೋಸವಲ್ಲ. ಬೇರೆ ಮಾಡುವ ಕೂಲಿ ಕೊಂಡವರ ತಲೆಗೆ ಬೀಳುತ್ತದೆ, ಅದನ್ನು ಮೊದಲೇ ಮುರಿದುಕೊಳ್ಳುತ್ತಾರೆ. ಅಯಸ್ಕಾಂತ ಜೇಬಿನಲ್ಲಿರಲಿ, ಎರಡು ಮೂರು ಕಡೆ ದರ ಕೇಳಿ ಎಂಬಂಥ ಮಾತುಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಓಡದೆ ನಿಂತ ಹಳೆ ಕಾರೊಂದಿದೆ. ಇಡಿಯಾಗಿ ಕೊಟ್ಟರೆ ಲಾಭವೋ, ಬಿಚ್ಚಿ ಮಾರಿದರೆ ಲಾಭವೋ? ಬಿಚ್ಚುವುದಾದರೆ ಏನೇನು?

ಉತ್ತರ: ಸ್ಪ್ಯಾನರ್ ಹಿಡಿಯುವ ಮೊದಲು ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಒಂದು, ನಿಮ್ಮಲ್ಲಿ ಖಾಸಗಿಯವರು ಗಾಡಿ ಬಿಚ್ಚಲು ಕಾನೂನು ಒಪ್ಪುತ್ತದೆಯೇ? ಎಷ್ಟೋ ಕಡೆ ಪರವಾನಗಿ ಇರುವವರಿಗೆ ಮಾತ್ರ ಆ ಹಕ್ಕು. ಎರಡು, ಗಾಡಿ ಕೊಳ್ಳುವವರು "ಪೂರ್ತಿ ಗಾಡಿ"ಗೆ ಕೊಡುವ ದರವೆಷ್ಟು, ಎಂಜಿನ್, ಬ್ಯಾಟರಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದಿದ್ದರೆ ಎಷ್ಟು ಕಳೆಯುತ್ತಾರೆ? ಈ ಕಡಿತ ಆ ಭಾಗಗಳನ್ನು ಬೇರೆ ಮಾರಿದರೆ ಬರುವ ಹಣಕ್ಕಿಂತ ಹೆಚ್ಚಾದರೆ, ಬಿಚ್ಚಿದ ಶ್ರಮ ಪೂರ್ತಿ ದಂಡ.

ಕಾರಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಬ್ಬಿಣ, ಉಕ್ಕು. ಅದನ್ನು ತುಂಡು ಮಾಡುತ್ತ ಕೂರಬೇಡಿ. ಹೊರಮೈಯ ತಗಡಿಗೆ ಹೇಗೂ ತಗಡಿನ ದರವೇ. ಕೈಗೆ ಹೆಚ್ಚು ಬರುವುದು ಉಳಿದ ಸಣ್ಣ ಪಾಲಿನಿಂದ. ಅದರಲ್ಲೂ ಮೊದಲು ನೋಡಬೇಕಾದ್ದು ಲೋಹವಾಗಿ ಅಲ್ಲ, ಬಿಡಿಭಾಗವಾಗಿ ಹೋಗುವಂಥದ್ದನ್ನು. ತಿರುಗುವ ಆಲ್ಟರ್ನೇಟರ್, ಸ್ಟಾರ್ಟರ್, ಎಸಿ ಕಂಪ್ರೆಸರ್ (ಒಳಗಿನ ಅನಿಲವನ್ನು ಯಂತ್ರವಿರುವವರಿಂದ ತೆಗೆಸಿದ ಮೇಲೆ), ಒಡೆಯದ ದೀಪ, ಪಕ್ಕದ ಕನ್ನಡಿ, ಎಂಜಿನ್ ನಿಯಂತ್ರಿಸುವ ಇಸಿಯು ಪೆಟ್ಟಿಗೆ, ಸರಿಯಿರುವ ಗೇರ್‌ಬಾಕ್ಸ್: ಇವು ಕಿಲೋ ಲೆಕ್ಕಕ್ಕೆ ಹೋದರೆ ನಷ್ಟ. ಕೆಟ್ಟ ಆಲ್ಟರ್ನೇಟರ್ ಕೂಡ ರಿಪೇರಿ ಮಾಡಿ ಮಾರುವವರಿಗೆ ಬೇಕು. ಅದನ್ನು ಒಡೆದು ತಾಮ್ರ ತೆಗೆದರೆ ಕಬ್ಬಿಣ, ಅಲ್ಯೂಮಿನಿಯಂ, ಸ್ವಲ್ಪ ತಾಮ್ರ ಅಂತ ಮೂರು ಸಣ್ಣ ರಾಶಿ ಬಿಟ್ಟರೆ ಬೇರೇನೂ ಸಿಗದು.

ಬಿಡಿಭಾಗ ಕಳಚಿದ ಮೇಲೆ ಲೋಹದ ಸರದಿ.

ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆ ಕೊಳವೆಯಲ್ಲಿ, ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಇರುತ್ತದೆ. ಒಳಗೆ ಜೇನುಹಟ್ಟಿಯಂಥ ಪಿಂಗಾಣಿ ದಿಂಡು, ಅದರ ಮೇಲೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂಗಳ ಲೇಪ. ಮೂರೂ ಸೇರಿ ಕೆಲವೇ ಗ್ರಾಂ. ಆದರೂ ಕಾರಿನ ಅತಿ ಬೆಲೆಯ ಗುಜರಿ ತುಂಡು ಇದೇ. ಬೆಲೆ ಕಟ್ಟುವುದು ತೂಕಕ್ಕಲ್ಲ, ಹೊರಕವಚದ ಮೇಲೆ ಒತ್ತಿರುವ ಸಂಕೇತ ಸಂಖ್ಯೆಗೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಸಂಖ್ಯೆ ಓದುವ ಹಾಗೆ ಫೋಟೊ ತೆಗೆದು, ಅದನ್ನು ಕಳಿಸಿಯೇ ದರ ಕೇಳಿ. ಕಾರಿನ ಜೊತೆ ಬಂದ ಮೂಲ ಕನ್ವರ್ಟರಿಗೂ ಆಮೇಲೆ ಯಾರೋ ಹಾಕಿಸಿದ ಅಗ್ಗದ ಕನ್ವರ್ಟರಿಗೂ ಅಜಗಜಾಂತರ. ಎರಡನೆಯದರಲ್ಲಿ ಲೇಪ ತೀರಾ ತೆಳು. ಕೊಯ್ಯುವುದಾದರೆ ಎರಡೂ ಕಡೆ ಕೊಳವೆಯನ್ನು ಕವಚದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕೊಯ್ಯಿರಿ. ಕವಚಕ್ಕೆ ಗ್ರೈಂಡರ್ ತಾಗಿಸಬೇಡಿ. ಒಳಗಿನ ದಿಂಡು ಪುಡಿಯಾಗಿ ಉದುರಿದರೆ ಉದುರಿದಷ್ಟೂ ನಿಮ್ಮ ದುಡ್ಡು, ಜೊತೆಗೆ ಆ ಪುಡಿಯೂ ದಿಂಡಿನ ಸುತ್ತಲಿನ ನಾರಿನ ಹೊದಿಕೆಯ ದೂಳೂ ಶ್ವಾಸಕೋಶಕ್ಕೆ ಕೇಡು. ಅಲ್ಲಾಡಿಸಿದರೆ ಗಲಗಲ ಅಂದರೆ ದಿಂಡು ಒಡೆದಿದೆ ಅಂತ ಅರ್ಥ. ಆಗ ಕೊಳವೆಯ ಎರಡೂ ಬಾಯಿಗೆ ಬಟ್ಟೆ ತುರುಕಿ ಟೇಪ್ ಸುತ್ತಿ. ಹೋದ ವರ್ಷದ ದರ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. 2021ರಲ್ಲಿ ದಾಖಲೆಯ ಎತ್ತರಕ್ಕೆ ಹೋದ ರೋಡಿಯಂ 2023ರೊಳಗೆ ಅದರ ಐದರಲ್ಲೊಂದು ಪಾಲಿಗಿಂತ ಕೆಳಗೆ ಬಿತ್ತು. ಇನ್ನೊಂದು ಮಾತು: ಕನ್ವರ್ಟರ್ ಕಳ್ಳತನ ಎಲ್ಲೆಡೆ ಇದೆ. ಗಾಡಿಯ ಕಾಗದ ಕೇಳದೆ ಕೊಳ್ಳುವವರಿಗೆ ಮಾರಲೇಬೇಡಿ, ನಾಳೆ ಉತ್ತರ ಕೊಡಬೇಕಾದವರು ನೀವೇ.

ಅಲ್ಯೂಮಿನಿಯಂ ಚಕ್ರಗಳು. ಟೈರು, ಗಾಳಿ ತುಂಬುವ ವಾಲ್ವ್, ಅಂಚಿಗೆ ಅಂಟಿಸಿದ ಬ್ಯಾಲೆನ್ಸ್ ತೂಕದ ತುಂಡುಗಳು, ಎಲ್ಲ ತೆಗೆಯಿರಿ. ಆ ತುಂಡುಗಳು ಸೀಸ, ಸತು ಅಥವಾ ಉಕ್ಕು. ಅವು ಉಳಿದರೆ ಚೊಕ್ಕ ಚಕ್ರದ ದರ ಹೋಗಿ "ಕಬ್ಬಿಣ ಸೇರಿದ ಅಲ್ಯೂಮಿನಿಯಂ" ದರ ಬರುತ್ತದೆ. ಕ್ರೋಮ್ ಲೇಪದ ಚಕ್ರಕ್ಕೆ ಹೇಗೂ ಕಡಿಮೆ. ಬೇರೆಯಿಡಿ, ಬೆರೆಸಿದರೆ ಇಡೀ ಕಟ್ಟಿನ ದರ ಇಳಿಯುತ್ತದೆ. ಗೇರ್‌ಬಾಕ್ಸಿನ ಹೊರಪೆಟ್ಟಿಗೆ, ಸಿಲಿಂಡರ್ ಹೆಡ್, ಪಿಸ್ಟನ್ ಎರಕದ ಅಲ್ಯೂಮಿನಿಯಂ. ಇದರಲ್ಲಿ ಸಿಕ್ಕಿಕೊಂಡ ಒಂದೆರಡು ಬೋಲ್ಟ್ ಸುಲಭಕ್ಕೆ ಬಂದರೆ ತೆಗೆಯಿರಿ. ಹೆಡ್ಡಿನೊಳಗಿನ ಅಷ್ಟೂ ವಾಲ್ವ್, ಗೈಡ್ ಕಳಚಲು ಹೊರಟರೆ ದಿನ ಕಳೆಯುತ್ತದೆ, ಹಣ ಬರುವುದಿಲ್ಲ. ಎಂಜಿನ್ ಬ್ಲಾಕಿಗೆ ಅಯಸ್ಕಾಂತ ಹಿಡಿಯಿರಿ: ಕಚ್ಚಿದರೆ ಬೀಡು ಕಬ್ಬಿಣ, ಎಣ್ಣೆ ಬಸಿದು ಹಾಗೇ ಕೊಡಿ. ಕಚ್ಚದಿದ್ದರೆ ಅಲ್ಯೂಮಿನಿಯಂ ಬ್ಲಾಕ್, ಆದರೆ ಸಿಲಿಂಡರಿನ ಒಳಗೋಡೆಗೆ ಹೆಚ್ಚಾಗಿ ಕೊಳವೆಯಂಥ ಕಬ್ಬಿಣದ ಒಳಹೊದಿಕೆ ಇರುತ್ತದೆ. ಅದನ್ನು ಬೇರ್ಪಡಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ರೇಡಿಯೇಟರ್. ಹಳೆಯ ಗಾಡಿಗಳಲ್ಲಿ ತಾಮ್ರ-ಹಿತ್ತಾಳೆ, ಈಗಿನವಲ್ಲಿ ಅಲ್ಯೂಮಿನಿಯಂ ಮೈಗೆ ಪ್ಲಾಸ್ಟಿಕ್ ತೊಟ್ಟಿ. ಪ್ಲಾಸ್ಟಿಕ್ ತೊಟ್ಟಿಯನ್ನು ಹಿಡಿದಿರುವ ಸಾಲು ಹಲ್ಲುಗಳನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದರೆ ಐದು ನಿಮಿಷದ ಕೆಲಸ. ಪಕ್ಕದ ಕಬ್ಬಿಣದ ಪಟ್ಟಿಯನ್ನೂ ಕಿತ್ತುಬಿಡಿ. ಕೂಲಿಗೆ ತಕ್ಕ ಹಣ ಬರುವ ಬಿಚ್ಚುವಿಕೆ ಅಂದರೆ ಇಂಥದ್ದು.

ಆಕ್ಸಲ್, ಲೀಫ್ ಸ್ಪ್ರಿಂಗ್, ಹಬ್ ಆಗಲೇ ಕಳಚಿ ಬಿದ್ದಿದ್ದರೆ ತಗಡಿನ ಜೊತೆ ಹಾಕಬೇಡಿ. ಕಾಲು ಅಂಗುಲ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ದಪ್ಪದ ಉಕ್ಕು "ಹೆವಿ ಮೆಲ್ಟಿಂಗ್" ಮೊದಲ ದರ್ಜೆ, ತಗಡಿಗಿಂತ ಮೇಲಿನ ದರ. ಬ್ರೇಕ್ ಡಿಸ್ಕ್ ಬೀಡು ಕಬ್ಬಿಣ, ಅದೂ ಬೇರೆ.

ಇನ್ನು ಮುಟ್ಟಬಾರದ್ದು. ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟ್ ಬಿಗಿಯುವ ಪೆಟ್ಟಿಗೆಯೊಳಗೆ ಸ್ಫೋಟಕವಿದೆ. ಅದರಿಂದ ಬರುವ ಲೋಹ ಹಿಡಿಯಷ್ಟೂ ಇಲ್ಲ. ಎಸಿ ಪೈಪು ಕೊಯ್ಯಬೇಡಿ. ಒಳಗಿನ ಆರ್-134ಎ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿ ಭೂಮಿಯನ್ನು ಬಿಸಿ ಮಾಡುವಂಥದ್ದು, ಅದನ್ನು ಯಂತ್ರವಿರುವವರೇ ಎಳೆದುಕೊಳ್ಳಬೇಕು. ಶಾಕ್ ಅಬ್ಸಾರ್ಬರ್, ಡಿಕ್ಕಿಯ ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಕಡ್ಡಿ, ಇವುಗಳಿಗೆ ಬೆಂಕಿಯೂ ಬೇಡ, ಗ್ರೈಂಡರೂ ಬೇಡ. ಪೆಟ್ರೋಲ್ ಟ್ಯಾಂಕ್ "ಖಾಲಿ ಇದೆ" ಅಂತ ಕೊಯ್ಯಲು ಹೋಗುವವರಿಗೆ ಒಂದೇ ಮಾತು: ಸಿಡಿಯುವುದು ಪೆಟ್ರೋಲಲ್ಲ, ಅದರ ಆವಿ. ಖಾಲಿ ಟ್ಯಾಂಕಿನಲ್ಲಿ ಇರುವುದೇ ಅದು.

ಇಷ್ಟಾದರೆ ಸಾಕು. ಕನ್ವರ್ಟರ್, ಚಕ್ರ, ಬ್ಯಾಟರಿ, ರೇಡಿಯೇಟರ್, ಮಾರಾಟವಾಗುವ ಬಿಡಿಭಾಗ. ಉಳಿದ ಗಾಡಿ ಇಡಿಯಾಗಿ ಹೋಗಲಿ. ಗಾಡಿ ಒಪ್ಪಿಸಿದ್ದಕ್ಕೆ ಬರವಣಿಗೆಯಲ್ಲಿ ಕಾಗದ ಪಡೆಯಿರಿ, ನೋಂದಣಿ ರದ್ದಾದ ಕಾಗದ ಕೈಸೇರುವ ತನಕ ಸುಮ್ಮನಾಗಬೇಡಿ. ನಿಮ್ಮ ಹೆಸರಿನ ಗಾಡಿಯ ಚಾಸಿಸ್ ಸಂಖ್ಯೆ ಇನ್ನೊಂದು ಗಾಡಿಯ ಮೈಮೇಲೆ ಓಡಾಡಲು ಶುರುವಾದರೆ ಗುಜರಿ ದುಡ್ಡು ಯಾವ ಮೂಲೆಗೂ ಸಾಲದು.

ಪ್ರಶ್ನೆ: ವೈರುಗಳನ್ನು ಸುಟ್ಟು ತಾಮ್ರ ತೆಗೆದರೆ ಬೇಗ ಆಗುತ್ತದಲ್ಲ?

ಉತ್ತರ: ಇದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ವೈರಿನ ಹೊದಿಕೆಯಾದ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ, ಜೊತೆಗೆ ಡಯಾಕ್ಸಿನ್ ಎಂಬ ಕಡುವಿಷ. ತಾಮ್ರದ ಸನ್ನಿಧಿಯಲ್ಲಿ ಡಯಾಕ್ಸಿನ್ ಇನ್ನೂ ಸಲೀಸಾಗಿ ಹುಟ್ಟುತ್ತದೆ. ಆ ಬೂದಿ ಬಿದ್ದ ಮಣ್ಣಿನಲ್ಲಿ ಮಕ್ಕಳು ಆಡುತ್ತಾರೆ. ಅದು ಬೇಡ, ದುಡ್ಡಿನ ಲೆಕ್ಕವನ್ನೇ ನೋಡಿ. ಹೊಳೆಯುವ, ಲೇಪವಿಲ್ಲದ ದಪ್ಪ ತಂತಿ ಮೊದಲ ದರ್ಜೆ. ಸುಟ್ಟ ತಂತಿ ಕಪ್ಪಾಗಿ, ಪೆಡಸಾಗಿ ಎರಡನೇ ದರ್ಜೆಗೆ ಇಳಿಯುತ್ತದೆ. ಒಳ್ಳೆಯ ಮಾಲನ್ನು ನೀವೇ ಕೈಯಾರೆ ಕೆಡಿಸಿದ ಹಾಗಾಯಿತು.

ಸುಲಿಯಬೇಕೋ ಬೇಡವೋ ಅನ್ನುವುದನ್ನು ಹೀಗೆ ನೋಡಿ. ವೈರಿನ 100 ಗ್ರಾಂ ತುಂಡು ಸುಲಿದು ತಾಮ್ರ ತೂಗಿ. 70 ಗ್ರಾಂ ಬಂತು ಅನ್ನಿ. ಚೊಕ್ಕ ತಾಮ್ರದ ಕಿಲೋ ದರವನ್ನು 100 ಅಂತ ಇಟ್ಟುಕೊಂಡರೆ ಒಂದು ಕಿಲೋ ವೈರಿನೊಳಗೆ 70ರ ತಾಮ್ರವಿದೆ. ಹಾಗೇ ಕೊಟ್ಟರೆ 55 ಸಿಗುತ್ತದೆ ಅಂದರೆ ಸುಲಿದದ್ದಕ್ಕೆ ಕಿಲೋಗೆ 15 ಲಾಭ. ಒಂದು ಗಂಟೆಗೆ ಎಷ್ಟು ಕಿಲೋ ಸುಲಿಯುತ್ತೀರೋ ಅಷ್ಟರಿಂದ ಗುಣಿಸಿ, ನಿಮ್ಮ ಕೂಲಿಯ ಜೊತೆ ಹೋಲಿಸಿ. ಮನೆಯ ದಪ್ಪ ಒಂಟಿ ತಂತಿಗೆ ಈ ಲೆಕ್ಕ ಗೆಲ್ಲುತ್ತದೆ. ಕಾರಿನೊಳಗಿನ ಕೂದಲೆಳೆ ವೈರಿಂಗಿಗೆ ಸೋಲುತ್ತದೆ. ಅದರ ಪ್ಲಗ್ಗು, ಕಬ್ಬಿಣದ ಕ್ಲಿಪ್ಪು ಕತ್ತರಿಸಿ ಹಾಗೇ ಮಾರಿ. ಸುಲಿಯುವ ಮೊದಲು ತಂತಿಯ ಮೈಯನ್ನು ಬ್ಲೇಡಿನಿಂದ ಒಮ್ಮೆ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಹೊದಿಕೆ, ಬೇರೆ ಇಡಿ. ಹೊರಗೆ ಬಿಳಿ, ಒಳಗೆ ಕೆಂಪು ಅಂದರೆ ತವರ ಹಚ್ಚಿದ ನಿಜವಾದ ತಾಮ್ರ. ಅದನ್ನು ಅಲ್ಯೂಮಿನಿಯಂ ಅಂತ ಕೊಟ್ಟು ಬರುವವರು ಬಹಳ ಜನ.

ಪ್ರಶ್ನೆ: ಅಯಸ್ಕಾಂತ ಹಿಡಿದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಅಲ್ಲ ಅಲ್ಲವೇ?

ಉತ್ತರ: ತಪ್ಪು. 304 ದರ್ಜೆಯಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕ್ಕಲ್. ಅದನ್ನು ಅಯಸ್ಕಾಂತ ಹಿಡಿಯದು, ಆದರೆ ಬಗ್ಗಿಸಿದ ಮೂಲೆಯಲ್ಲಿ ಸ್ವಲ್ಪ ಎಳೆಯುತ್ತದೆ. ಆ ಮೂಲೆ ನೋಡಿ ಇಡೀ ತುಂಡನ್ನು ಕಬ್ಬಿಣದ ರಾಶಿಗೆ ಎಸೆಯಬೇಡಿ, ಸಪಾಟಾದ ಜಾಗದಲ್ಲಿ ಹಿಡಿದು ನೋಡಿ. 409, 430 ದರ್ಜೆಗಳು ಸ್ಟೇನ್‌ಲೆಸ್ಸೇ, ಅಯಸ್ಕಾಂತ ಗಟ್ಟಿಯಾಗಿಯೇ ಹಿಡಿಯುತ್ತದೆ. ನಿಕ್ಕಲ್ ಇಲ್ಲದ ಕಾರಣ ಬೆಲೆ ಕಡಿಮೆ. ಕಾರಿನ ಹೊಗೆ ಕೊಳವೆ ಹೆಚ್ಚಾಗಿ 409.

ಪ್ರಶ್ನೆ: ಹಳೆ ನಲ್ಲಿ, ಹಿಡಿಕೆಗಳು ಹಿತ್ತಾಳೆಯೋ ಸತುವೋ ಹೇಗೆ ತಿಳಿಯುವುದು?

ಉತ್ತರ: ಅರದಿಂದ ಉಜ್ಜಿ: ಹಳದಿ ಕಂಡರೆ ಹಿತ್ತಾಳೆ, ಬೂದು ಬಿಳುಪು ಕಂಡರೆ ಸತುವಿನ ಎರಕ. ಅನುಮಾನ ಉಳಿದರೆ ನೀರಿನಲ್ಲಿ ತೂಗಿ. ವಸ್ತುವನ್ನು ಮೊದಲು ಒಣಗಿದ್ದಾಗ ತೂಗಿಕೊಳ್ಳಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ಅಡಿಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ವಸ್ತುವನ್ನು ದಾರಕ್ಕೆ ಕಟ್ಟಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ಒಣ ತೂಕ 850 ಗ್ರಾಂ ಇದ್ದು, ಮುಳುಗಿಸಿದಾಗ ತಕ್ಕಡಿ 100 ತೋರಿಸಿದರೆ 850 ಭಾಗಿಸು 100, ಅಂದರೆ 8.5: ಹಿತ್ತಾಳೆ. 7ರ ಆಸುಪಾಸು ಬಂದರೆ ಸತು, 2.7 ಅಲ್ಯೂಮಿನಿಯಂ, 8.9 ತಾಮ್ರ, 11.3 ಸೀಸ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ, ಅಲುಗಿಸಿ ಬಿಡಿಸಿ.

ಪ್ರಶ್ನೆ: ಇಸಿಯು ಪೆಟ್ಟಿಗೆ, ಕಂಪ್ಯೂಟರ್ ಬೋರ್ಡುಗಳಿಂದ ಆಸಿಡ್ ಹಾಕಿ ಚಿನ್ನ ತೆಗೆಯುವುದನ್ನು ಕಲಿಯಲೇ?

ಉತ್ತರ: ಬೇಡ. ಪಿನ್ನುಗಳ ಮೇಲಿನ ಚಿನ್ನ ಮೈಕ್ರಾನಿನ ಲೆಕ್ಕದ ಲೇಪ. ಅದನ್ನು ಬಿಡಿಸುವ ಆಮ್ಲದಿಂದ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಾಡಿದಾಗ ಏನೂ ಆಗದ ಹಾಗಿದ್ದು, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಲ್ಲದು. ಇದನ್ನು "ಮನೆಯಲ್ಲೇ ಕುಳಿತು ಸಂಪಾದನೆ" ಅಂತ ಕಲಿಸುವವರ ಗಳಿಕೆ ಚಿನ್ನದ್ದಲ್ಲ, ನೀವು ಕಟ್ಟುವ ಶುಲ್ಕದ್ದು. ಬೋರ್ಡನ್ನು ಒಡೆಯದೆ ಇ-ತ್ಯಾಜ್ಯ ಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ಹಳೆ ಟಿವಿ, ರೇಡಿಯೋದಲ್ಲಿ ಕೆಂಪು ಪಾದರಸ ಇದೆಯಂತೆ, ಕೋಟಿ ಬೆಲೆಯಂತೆ?

ಉತ್ತರ: ಅಂಥ ವಸ್ತುವೇ ಇಲ್ಲ. ಮುಂಗಡ ಕೇಳುವವರಿಂದ ದೂರವಿರಿ.

ಪ್ರಶ್ನೆ: ಬ್ಯಾಟರಿಯ ಆಸಿಡ್ ಚೆಲ್ಲಿ ಕೊಡಬೇಕೇ?

ಉತ್ತರ: ಚೆಲ್ಲಬೇಡಿ, ಒಡೆಯಬೇಡಿ. ಬಿರಡೆ ಬಿಗಿಯಿರುವ ಇಡೀ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸ, ಅದಕ್ಕೇ ಬೆಲೆ. ಹೊಸ ಬ್ಯಾಟರಿ ಕೊಳ್ಳುವುದಿದ್ದರೆ ಹಳೆಯದರ ಬದಲಿ ದರವನ್ನೂ ಕೇಳಿ.

ಪ್ರಶ್ನೆ: ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿ ಬಿಚ್ಚಬಹುದೇ?

ಉತ್ತರ: ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದೆ ತೆಗೆಯಿರಿ. ನೂರಾರು ವೋಲ್ಟ್. ತರಬೇತಿ ಇಲ್ಲದವರಿಗೆ ಈ ಅಂಕಣದಲ್ಲಿ ವಿಧಾನ ಹೇಳುವುದಿಲ್ಲ, ಮತ್ತೆ ಕೇಳಬೇಡಿ.

ಪ್ರಶ್ನೆ: ತೂಕದಲ್ಲಿ ಮೋಸವಾಗುತ್ತದೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಮನೆಯಲ್ಲೇ ಚೀಲ ಚೀಲವಾಗಿ ತೂಗಿ, ಚೀಲದ ಮೇಲೆ ತೂಕ ಬರೆದು ಒಯ್ಯಿರಿ. ಮಾಲು ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುವುದನ್ನು ನೋಡಿ. ತಾಮ್ರ, ಹಿತ್ತಾಳೆಯನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ತೂಗಿಸಲು ಒಪ್ಪಲೇಬೇಡಿ. ಅದರ ಒಂದೊಂದು ಗೆರೆ ಸಾಮಾನ್ಯವಾಗಿ 10 ಅಥವಾ 20 ಕಿಲೋ. ನಿಮ್ಮ ಎಂಟು ಕಿಲೋ ತಾಮ್ರ ಅದರಲ್ಲಿ ಕಾಣಿಸಿಕೊಳ್ಳದೆಯೂ ಹೋಗಬಹುದು. ಗಾಡಿ ಸಮೇತ ಕಬ್ಬಿಣ ತೂಗಿಸುವಾಗ ತುಂಬಿದ ತೂಕಕ್ಕೂ ಖಾಲಿ ತೂಕಕ್ಕೂ ಒಳಗೆ ಅಷ್ಟೇ ಜನ ಕೂತಿರಲಿ, ನಡುವೆ ಡೀಸೆಲ್ ಹಾಕಿಸಬೇಡಿ. ಎರಡೂ ಚೀಟಿ ಕೇಳಿ ಪಡೆಯಿರಿ. ಇನ್ನು ಪೈಪಿನೊಳಗೆ ಮರಳು ತುಂಬಿ, ರಾಶಿಗೆ ನೀರು ಹೊಡೆದು ತೂಕ ಹೆಚ್ಚಿಸುವ ಉಪಾಯ ಕೇಳಿದವರಿಗೆ: ಕೊಳ್ಳುವವರು ಒಮ್ಮೆ ಹಿಡಿದರೆ ಮುಂದಿನ ಪ್ರತಿ ಸಲವೂ ನಿಮ್ಮ ಮಾಲಿಗೆ ಕಡಿತ ಹಾಕಿಯೇ ದರ ಹೇಳುತ್ತಾರೆ.